ಕೋರೆಹಲ್ಲಿನ ಬಾಕಿ

ಪರೇಲಿನ ಮೇಲ್ಸೇತುವೆಯ ಕೆಳಗೆ, ಎರಡನೆಯ ಗಲ್ಲಿ,
ಹತ್ತಕ್ಕೆ ಎಂಟರ ಖೋಲಿ, ನನ್ನ ಹಲ್ಲಿನ ಕಾರಖಾನೆ.
ಡಾಕ್ಟರು ಅಚ್ಚು ಕಳಿಸುತ್ತಾರೆ, ನಾನು ಬಾಯಿ ತುಂಬಿಸುತ್ತೇನೆ.
ಅಕ್ಕಲಕೋಟೆಯಿಂದ ಗಿರಣಿಗೆ ಬಂದ ಅಪ್ಪನ
ನೂಲು ಕಡಿದ ಮೇಲೆ
ಹಲ್ಲು ಹಿಡಿದವಳು ನಾನು.

ತೊಂಬತ್ತನಾಲ್ಕರಲ್ಲಿ
ನಮ್ಮ ಉಸ್ತಾದ ಕರಮರಕರ
'ಸುರ್ಖ್ ಹವೇಲಿ'ಯ ಠಾಕೂರನಿಗೆ ಕೋರೆ ಮಾಡಿದಾಗ
ಮೇಣ ಕಾಸುವ ಕೆಲಸ ನನ್ನದು.
ಶುಕ್ರವಾರ ರಾತ್ರಿ, ಚಾಳಿನ ಹದಿನಾಲ್ಕು ಮನೆಯ ಮಂದಿ
ಒಂದೇ ಪೆಟ್ಟಿಗೆಯ ಮುಂದೆ.
ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ,
ಅದರ ಮುಚ್ಚಳ ಕಿರುಗುಟ್ಟಿದರೆ
ಕೆರ್ಸಿ ದುಬಾಶ್ ಏಳುತ್ತಿದ್ದ,
ಯಾವ ಕೊರಳಿಗೂ ಅವಸರ ಮಾಡದೆ.
ಅವ್ವ ಸೆರಗಿನಿಂದ ಕುತ್ತಿಗೆ ಮುಚ್ಚಿಕೊಂಡು
'ಎಷ್ಟ್ ಛಂದ ನಗತಾನ ನೋಡ, ಭಾಡ್ಯಾ' ಅನ್ನುವಳು.
ಆ ನಗೆಯಲ್ಲಿ ಎಡಗೋರೆ ಅರೆ ಮಿಲಿಮೀಟರು ಉದ್ದ;
ಅದನ್ನು ಬಲ್ಲವರು ಮೂರೇ ಜನ.

ಇಪ್ಪತ್ತೊಂಬತ್ತು ವರ್ಷದ ಮೇಲೆ
ಅವನನ್ನು ಮತ್ತೆ ಎಬ್ಬಿಸುತ್ತೇವೆ ಎಂದು ಬಂದಳೊಬ್ಬಳು,
ಬಿಳಿ ಬೂಟಿನ ಹುಡುಗಿ.
'ಭಯ ಹಳೆಯದೇ ಇರಲಿ ಮೇಡಂ, ಬೆಳಕು ಮಾತ್ರ ಹೊಸದು.'
ಹೊಸ ಠಾಕೂರ ರಿಷಾಂಕ್ ಗಹ್ಲೋತ್:
ಕಚ್ಚಿಸಿಕೊಳ್ಳುವವಳಿಗಿಂತ ಕಚ್ಚುವವನ ಕೊರಳೇ ಚೆಂದ.
ಅವನ ಹಲ್ಲಿನಷ್ಟು ಬಿಳಿ
ನನ್ನ ಬಣ್ಣದ ಪಟ್ಟಿಯಲ್ಲೇ ಇರಲಿಲ್ಲ.

ವರ್ಸೋವಾದಿಂದ ದೋಣಿ, ಒಣಮೀನಿನ ಗಾಳಿ,
ಮಢ್‌ನಲ್ಲಿ ಬಾಡಿಗೆ ಬಂಗಲೆ.
ಹಗಲೆಲ್ಲ ಅಲ್ಲಿ ಬೇರೆ ಧಾರಾವಾಹಿಯ ಸೀಮಂತ,
ರಾತ್ರಿ ನಮ್ಮ ಹೆಣ.
ಚೆಂಡುಹೂವಿನ ಮಾಲೆ ಬಿಚ್ಚಿ ಜೇಡರಬಲೆ ಕಟ್ಟುವರು.
ಗುಲಾಬಿ ಶರಬತ್ತು, ಕೋಕೋ, ಚಿಟಿಕೆ ಮೈದಾ ಕಲಸಿದರೆ ನೆತ್ತರು.
ಮೂರನೆಯ ಟೇಕಿಗೆ ಇರುವೆ ಹತ್ತಿ
ನಾಯಕಿ ನಿಜವಾಗಿ ಕಿರುಚಿದಳು.
ಅದನ್ನೇ ಇಟ್ಟುಕೊಂಡರು.

ಹದಿನೆಂಟನೆಯ ಕಂತಿಗೆ ಠಾಕೂರನ ಅಪ್ಪ ಬರಬೇಕು.
ದಾದರಿನಿಂದ ಟ್ಯಾಕ್ಸಿಯಲ್ಲಿ ಕೆರ್ಸಿ ನನ್ನ ಖೋಲಿಗೆ ಬಂದ,
ಇಸ್ತ್ರಿಯ ಕರವಸ್ತ್ರ, ಊರುಗೋಲು.
ಬಾಯಿ ತೆರೆದ: ಒಂದೂ ಹಲ್ಲಿಲ್ಲ.
ಅಷ್ಟು ಕೊರಳು ಕಂಡವನ ಒಸಡು
ಕೂಸಿನ ಅಂಗಾಲಿನ ಹಾಗೆ.
'ಕಟ್ಟುಹಲ್ಲಿಗೇ ಕೋರೆ ಕೂರಿಸು ಬೇಟಿ.
ಎಡಗಡೆಯದು ಮಾತ್ರ ಅರೆ...'
'ಗೊತ್ತು' ಎಂದೆ.

ಮೊದಲ ವಾರ ಹತ್ತೂವರೆ, ಆಮೇಲೆ ಹನ್ನೊಂದೂಕಾಲು,
ಒಂದು ವಾರ ಕ್ರಿಕೆಟ್ಟು, ಇನ್ನೊಂದು ವಾರ ಓಟಿನ ಎಣಿಕೆ,
ಕೊನೆಗೆ ನಡುರಾತ್ರಿ. ಪಿಶಾಚಿಗೆ ತಕ್ಕ ಹೊತ್ತೇ,
ನೋಡುವವರು ಮಲಗಿದ್ದರು.
ಹದಿನೇಳರ ಕಡೆಯ ಚಿತ್ರದಲ್ಲಿ
ಮುಚ್ಚಳ ಎತ್ತಿದ್ದು ಒಂದು ಕೈ, ಕೈಯಷ್ಟೇ,
ನರೆತ ರೋಮ, ಕೆಂಪು ಕಲ್ಲಿನ ಉಂಗುರ.
ಮುಂದಿನ ವಾರ ಆ ಜಾಗದಲ್ಲಿ
ಮಕ್ಕಳ ಕುಣಿತದ ಸ್ಪರ್ಧೆ.

ನನ್ನ ಬಾಕಿ ಹದಿನೆಂಟು ಸಾವಿರದ ನಾನೂರು.
ಬಿಳಿ ಬೂಟಿನ ಹುಡುಗಿ ಫೋನಿನಲ್ಲಿ
'ಆ ಕಂಪನಿಯೇ ಈಗ ಇಲ್ಲ ಮೇಡಂ' ಅಂದಳು.
ಸತ್ತೂ ಸಾಯದವನ ಕಥೆ ಹೇಳಹೊರಟವರು
ಪೂರಾ ಸತ್ತಿದ್ದರು.

ನಿನ್ನೆ ಕೆರ್ಸಿ ಮತ್ತೆ ಬಂದಿದ್ದ.
'ಉಜ್ಜಿಬಿಡು, ಆಮ್ಲೆಟ್ಟಿಗೆ ಅಡ್ಡ ಬರುತ್ತವೆ.'
ಮೋಟಾರು ಹಾಕಿದೆ.
ಮೇಲಿನ ಮನೆಯ ಈಶ್ವರಿ ಬಾಗಿಲಲ್ಲಿ ನಿಂತಿದ್ದಳು,
ಏಳು ವರ್ಷ, ಮುಂದಿನ ಹಲ್ಲೆರಡೂ ಬಿದ್ದಿವೆ,
ಠಾಕೂರನ ಹೆಸರೇ ಕೇಳಿದವಳಲ್ಲ.
'ಅಜೋಬಾ, ನೀವು ಕಚ್ಚುತ್ತೀರಾ?'

ಮುದುಕ ಊರುಗೋಲು ಗೋಡೆಗೆ ಒರಗಿಸಿದ.
ತಿರುಗಿದ, ಅವಸರವೇ ಇಲ್ಲದೆ.
ಅವಳ ಕೈ ತಾನಾಗಿ ಮೇಲೇರಿ
ಯೂನಿಫಾರ್ಮಿನ ಕಾಲರನ್ನು ಬಿಗಿಹಿಡಿಯಿತು,
ನೋಡುವುದನ್ನು ಮಾತ್ರ ಬಿಡಲಿಲ್ಲ.
ನನ್ನ ಕೈಯಲ್ಲಿ ಮೋಟಾರು ಸುಮ್ಮನೆ ತಿರುಗುತ್ತಿತ್ತು.

'ಬಲಗಡೆಯದು ಉಜ್ಜು,' ಅಂದ ಆಮೇಲೆ,
'ಎಡಗಡೆಯದು ಇರಲಿ.'